ಆ ಚಿತ್ರಗಳನ್ನ ಯಾರೂ ಸರಿಯಾಗಿ ನೋಡ್ಲೇ ಇಲ್ಲ

ಮೂರು ವಾರದಿಂದ ರಾತ್ರಿ ಊಟ ಆದ್ಮೇಲೆ ನಂದು ಒಂದೇ ಕೆಲಸ, 1950ರ ದಶಕದ ಅಮೆರಿಕದ ಹಾರರ್ ಕಾಮಿಕ್ಸ್ ತೆಗೆದು ಕೂತ್ಕೊಳ್ಳೋದು. ಕಾಲೇಜಲ್ಲಿದ್ದಾಗ ಫ್ರೆಂಡ್ ಹತ್ರ ಇಸ್ಕೊಂಡು ಇವನ್ನೇ ಕಥೆಗೋಸ್ಕರ ಓದಿ ವಾಪಸ್ ಕೊಟ್ಟಿದ್ದೆ. ಈಗ ಮೂಲಚಿತ್ರಗಳಿಂದ ಕಪ್ಪು-ಬಿಳುಪಲ್ಲಿ ಅಚ್ಚು ಹಾಕಿರೋ ದೊಡ್ಡ ಸೈಜಿನ ಪುಸ್ತಕ ಕೈಗೆ ಬಂದಿದೆ, ಒಂದೊಂದು ಪುಟಕ್ಕೆ ಅರ್ಧ ಗಂಟೆ ಹಿಡೀತಿದೆ.

ಇಸಿ ಕಾಮಿಕ್ಸ್ ಅಂತ ಒಂದು ಕಂಪನಿ, ಮಾಲೀಕ ವಿಲಿಯಂ ಗೇನ್ಸ್, 1950ರಲ್ಲಿ ಮೂರು ಹಾರರ್ ಪತ್ರಿಕೆ ಶುರು ಮಾಡಿದ, ಬೆಲೆ 10 ಸೆಂಟ್. ಎಡಿಟರ್ ಆಲ್ ಫೆಲ್ಡ್‌ಸ್ಟೈನ್ ಕಥೆಯನ್ನ ನೇರವಾಗಿ ಡ್ರಾಯಿಂಗ್ ಬೋರ್ಡ್ ಮೇಲೇ ಬರೀತಿದ್ದ, ಆಮೇಲೆ ಅಕ್ಷರ ಕೊರೆದ ಅಚ್ಚುಪಟ್ಟಿ ಇಟ್ಟು ಅದರ ಮೇಲೆ ಅಕ್ಷರ ಮೂಡಿಸ್ತಿದ್ರು, ಅಷ್ಟೆಲ್ಲಾ ಆದ್ಮೇಲೆ ಬೋರ್ಡ್ ಕಲಾವಿದನ ಕೈಗೆ. ಅಂದ್ರೆ ಅರ್ಧ ಜಾಗ ಮಾತುಗಳೇ ತಿಂದಿರ್ತವೆ, ಮಿಕ್ಕಿದ್ದ ಸಂದಿಯಲ್ಲಿ ಚಿತ್ರ ಬಿಡಿಸ್ಬೇಕು. ಆ ಸಂದಿಯಲ್ಲಿ ಇವರು ಮಾಡಿರೋದು ನೋಡಿದ್ರೆ ಕೈ ಮುಗೀಬೇಕು ಅನ್ಸುತ್ತೆ.

ನನಗೆ ಎಲ್ಲರಿಗಿಂತ ಹತ್ತಿರ ಆದವನು ಗ್ರಹಾಂ ಇಂಗಲ್ಸ್. 'ಗ್ಯಾಸ್ಟ್ಲಿ' ಅಂತ ಸಹಿ ಹಾಕ್ತಿದ್ದ. ಈ ಪತ್ರಿಕೆಗಳಲ್ಲಿ ಓದುಗರಿಗೆ ಕಥೆ ಹೇಳೋಕೆ ಅಂತಾನೇ ಒಬ್ಬ ಮಾಟಗಾತಿ ಮುದುಕಿ ಬರ್ತಾಳೆ, ಅವನು ಬರೆದ ಆ ಮುದುಕಿಯನ್ನ ನೋಡಿ, ಒಂದು ಕಣ್ಣು ಗುಡ್ಡೆ ಹೊರಗೆ ಬಂದಂಗೆ, ಬಾಯಿ ತೆರೆದ್ರೆ ಮೇಲಿನ ತುಟಿಯಿಂದ ಕೆಳಗಿನ ತುಟಿಗೆ ಜೊಲ್ಲಿನ ಎಳೆಗಳು, ಒಂದೊಂದು ಎಳೆನೂ ಬ್ರಷ್ಷಿನ ಒಂದೇ ಎಳೆತ, ಎಲ್ಲೂ ತಡವರಿಸಿಲ್ಲ. ಅವನು ಬರೆದ ಮರ, ಬಟ್ಟೆ, ಗೋಡೆ ಎಲ್ಲಾ ಮಳೇಲಿ ನೆಂದು ಕೊಳೀತಾ ಇರೋ ಹಾಗೆ. ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ನಾಲ್ಕು ಬಣ್ಣದ ಚುಕ್ಕೆ ಬಿದ್ದಾಗ ಈ ಗೆರೆಗಳೆಷ್ಟೋ ಒಂದಕ್ಕೊಂದು ಅಂಟ್ಕೊಂಡು ಮುಚ್ಚಿಹೋಗ್ತಿದ್ವು. (ಚಂದಮಾಮದ ಬೇತಾಳನ ಜೊತೆ ಬೆಳೆದ ನಮಗೆ, ಓದುಗರನ್ನ ಕೆಣಕ್ತಾ ಕಥೆ ಹೇಳೋ ಈ ಮುದುಕಿ ಏನೂ ಹೊಸಬಳಲ್ಲ ಬಿಡಿ.)

ಆದ್ರೆ ಈ ಕಾಮಿಕ್ಸ್ ಅಂದ ತಕ್ಷಣ ಎಲ್ಲರೂ ಹೇಳೋದು ಒಂದೇ ಕಥೆ. 1954ರ ಏಪ್ರಿಲ್ 21, ಕಾಮಿಕ್ಸ್ ಓದಿ ಮಕ್ಕಳು ಕೆಡ್ತಿದಾರಾ ಅಂತ ನ್ಯೂಯಾರ್ಕಲ್ಲಿ ಅಮೆರಿಕದ ಸೆನೆಟ್ ವಿಚಾರಣೆ, ಸೆನೆಟರ್ ಕೀಫಾವರ್ ಒಂದು ಮುಖಪುಟ ಎತ್ತಿ ಹಿಡಿದ, ಕೊಡಲಿ, ಹೆಣ್ಣಿನ ಕಡಿದ ತಲೆ, ಇದು ಸರೀನಾ ಅಂತ ಕೇಳಿದ, ಹಾರರ್ ಕಾಮಿಕ್ಸಿನ ಮುಖಪುಟಕ್ಕೆ ಇದು ಸರಿಯಾಗೇ ಇದೆ ಅಂದ ಗೇನ್ಸ್. ಅಲ್ಲಿಗೆ ಮುಗೀತು. ಆ ಚಿತ್ರ ಬರೆದ ಜಾನಿ ಕ್ರೇಗ್ ಎಂಥಾ ಅಚ್ಚುಕಟ್ಟಿನ ಕಲಾವಿದ ಅಂತ ಯಾರಿಗೂ ಬೇಕಾಗಿಲ್ಲ, ಅದು ಬರೀ ಸಾಕ್ಷಿ ಆಗೋಯ್ತು. ಅಪ್ಪ ಅಮ್ಮಂದಿರ ಸಿಟ್ಟು ನನಗೆ ಅರ್ಥ ಆಗುತ್ತೆ, ಎಂಟು ವರ್ಷದ ಮಗು ಕೈಗೆ ಆ ಮುಖಪುಟ ನಾನೂ ಕೊಡಲ್ಲ. ಆದ್ರೆ ಆ ವರ್ಷವೇ ಬಂದ ಕಾಮಿಕ್ಸ್ ಕೋಡ್, ಅಂದ್ರೆ ಕಾಮಿಕ್ಸಲ್ಲಿ ಏನಿರಬಹುದು ಏನಿರಬಾರ್ದು ಅಂತ ಪ್ರಕಾಶಕರೇ ಸೇರಿ ಮಾಡ್ಕೊಂಡ ನಿಯಮ, ಮಕ್ಕಳನ್ನ ಮಾತ್ರ ಕಾಯ್ತಿತ್ತು ಅಂದ್ರೆ ನಾನು ಒಪ್ಪಲ್ಲ. ಹೆಸರಲ್ಲಿ 'ಹಾರರ್' ಅನ್ನೋ ಪದ ಇರಂಗಿಲ್ಲ, ರಕ್ತಪಿಶಾಚಿ ಇರಂಗಿಲ್ಲ, ಅಷ್ಟಕ್ಕೇ ನಿಲ್ಲಲಿಲ್ಲ ಅದು. ಜೋ ಓರ್ಲಾಂಡೊ ಚಿತ್ರ ಬರೆದ 'ಜಡ್ಜ್‌ಮೆಂಟ್ ಡೇ' ಅಂತ ಒಂದು ಕಥೆ. ಕಿತ್ತಳೆ ರೋಬಾಟ್‌ಗಳು ನೀಲಿ ರೋಬಾಟ್‌ಗಳನ್ನ ಕೀಳಾಗಿ ಕಾಣೋ ಒಂದು ಗ್ರಹಕ್ಕೆ ಭೂಮಿಯಿಂದ ತಪಾಸಣೆಗೆ ಬಂದವನು, ಕೊನೇ ಚಿತ್ರದಲ್ಲಿ ಹೆಲ್ಮೆಟ್ ತೆಗೆದ್ರೆ ಕಪ್ಪು ಮನುಷ್ಯ, ಮುಖದ ಮೇಲೆ ಬೆವರ ಹನಿಗಳು ನಕ್ಷತ್ರದ ಹಾಗೆ ಹೊಳೀತಾ ಇವೆ. ಮರುಮುದ್ರಣಕ್ಕೆ ಹೋದಾಗ ಆ ಮನುಷ್ಯ ಕಪ್ಪಗಿರಬಾರ್ದು ಅಂದ್ರು ಕೋಡಿನವರು. ಅದರಲ್ಲಿ ರಕ್ತ ಎಲ್ಲಿತ್ತು, ದೆವ್ವ ಎಲ್ಲಿತ್ತು? ಗೇನ್ಸ್ ಜಗಳ ಆಡಿ ಒಂದು ಗೆರೆನೂ ಬದಲಾಯಿಸ್ದೆ 1956ರಲ್ಲಿ ಅಚ್ಚು ಹಾಕ್ಸಿದ, ಆಮೇಲೆ ಕಾಮಿಕ್ಸನ್ನೇ ಬಿಟ್ಟ.

ಹಾರರ್ ನಿಂತ ಮೇಲೆ ಇಂಗಲ್ಸ್ ಫ್ಲೋರಿಡಾಗೆ ಹೋಗಿ ಚಿತ್ರಕಲೆ ಕಲಿಸ್ತಾ ಇದ್ದ, ಈ ಕಾಮಿಕ್ಸ್ ಬಗ್ಗೆ ಎಷ್ಟೋ ವರ್ಷ ಮಾತೇ ಆಡ್ಲಿಲ್ಲವಂತೆ. ಅದನ್ನ ಓದಿದಾಗ ಹೊಟ್ಟೇಲಿ ಸಂಕಟ ಆಯ್ತು. ಆದ್ರೆ ಗೇನ್ಸ್ ಒಂದು ಪುಣ್ಯದ ಕೆಲಸ ಮಾಡಿದ್ದ, ಬೇರೆ ಕಂಪನಿಗಳು ಮೂಲಚಿತ್ರಗಳನ್ನ ಹರಿದು ಬಿಸಾಕ್ತಿದ್ದ ಕಾಲದಲ್ಲಿ ಇವನು ಎಲ್ಲಾ ಜೋಪಾನವಾಗಿ ಎತ್ತಿಟ್ಟಿದ್ದ. ನನ್ನ ಟೇಬಲ್ ಮೇಲೆ ಈ ಪುಸ್ತಕ ಇರೋದು ಅದರಿಂದ.

ನಿನ್ನೆ ರಾತ್ರಿ ಇಂಗಲ್ಸ್ ಬರೆದ ಒಂದೇ ಒಂದು ಕೈ ನೋಡ್ತಾ ಕೂತಿದ್ದೆ, ಮಣ್ಣಿಂದ ಮೇಲೆ ಬರ್ತಾ ಇರೋ ಕೈ, ಉಗುರಿನ ಸಂದಿಯ ಮಣ್ಣನ್ನೂ ಬಿಡಿಸಿದಾನೆ. ಬ್ರಷ್ ಹಿಡಿಯೋ ಅಭ್ಯಾಸ ಇರೋರು ಯಾರಾದ್ರೂ ಇದ್ರೆ ಹೇಳಿ, ಭಾನುವಾರ ಮನೆಗೆ ಬನ್ನಿ, ಕಾಫಿ ಕುಡೀತಾ ಒಟ್ಟಿಗೆ ನೋಡೋಣ.