ಅಪ್ಪನ ವಾಚಿಗೆ ಹಳದಿ ಡಯಲ್ ಬೇಡ

ಹೋದ ವಾರ ಹಳೇ ವಾಚು ಕೊಂಡು ಮಾರುವ ಒಬ್ಬರು ಫೋನ್ ಮಾಡಿದ್ದರು. ನನ್ನ ಹತ್ತಿರ ಇರುವ, ಜಪಾನಿನ ಸೀಕೊ ಕಂಪನಿಯ ಕ್ರೋನೋಗ್ರಾಫ್ ವಾಚಿನ ಫೋಟೋ ಯಾರೋ ತೋರಿಸಿದ್ದರಂತೆ. "ಸರ್, ಈ ನೀಲಿ ಡಯಲ್ ಮ್ಯಾಲೆ ಕಲಿ ಬಿದ್ದಾವ್ರಿ. ಹಳದೀದು ಹೊಸಾದು ಹಾಕಿ ಕೊಡ್ತೇನಿ, ರೇಟು ಡಬಲ್ ಆಗತೈತಿ" ಅಂದರು. "ಬ್ಯಾಡ್ರಿ" ಅಂದೆ. ಯಾಕೆ ಬೇಡ ಅಂತ ಫೋನಿನಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಾಚು ಅಪ್ಪನದು. ಅಪ್ಪ ಗದಗ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ್ ಆಗಿದ್ದರು. ದುಬೈಗೆ ದುಡಿಯಲು ಹೋಗಿದ್ದ ನಮ್ಮ ಸೋದರಮಾವ ತಂದುಕೊಟ್ಟಿದ್ದು. ಕ್ರೋನೋಗ್ರಾಫ್ ಅಂದರೆ ವಾಚಿನೊಳಗೇ ಒಂದು ಸ್ಟಾಪ್‌ವಾಚ್ ಇರುತ್ತದೆ. ಬಲಗಡೆ ಮೇಲಿನ ಗುಂಡಿ ಒತ್ತಿದರೆ ಉದ್ದ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನ ಗುಂಡಿ ಒತ್ತಿದರೆ ಸೊನ್ನೆಗೆ ಬರುತ್ತದೆ. ತಾಲ್ಲೂಕು ಕ್ರೀಡಾಕೂಟದಲ್ಲಿ ನೂರು ಮೀಟರ್ ಓಟಕ್ಕೆ ಅಪ್ಪ ಸುಣ್ಣದ ಗೆರೆಯ ಪಕ್ಕ ನಿಂತು, ಹೆಬ್ಬೆರಳನ್ನು ಆ ಮೇಲಿನ ಗುಂಡಿ ಮೇಲೆ ಇಟ್ಟುಕೊಂಡಿರುತ್ತಿದ್ದರು. ಸೀಟಿ ಬಾಯಲ್ಲಿ, ಕಣ್ಣು ಗೆರೆ ಮೇಲೆ. ಈಗಲೂ ನೋಡಿದರೆ ಗೊತ್ತಾಗುತ್ತದೆ. ಮೇಲಿನ ಗುಂಡಿಯ ಅಂಚು ಸವೆದು ದುಂಡಗಾಗಿದೆ, ಕೆಳಗಿನದು ಇನ್ನೂ ಚೂಪಾಗಿದೆ.

ಅಪ್ಪ ಹೋದ ಮೇಲೆ ಟ್ರಂಕಿನಲ್ಲಿ ಸಿಕ್ಕಾಗ ವಾಚು ನಿಂತಿತ್ತು. ಹಿಂದಿನ ಮುಚ್ಚಳದ ಮೇಲೆ 6139 ಅಂತ ಶುರುವಾಗುವ ಮಾಡೆಲ್ ನಂಬರ್, ಕೆಳಗೆ ಆರು ಅಂಕಿಯ ಇನ್ನೊಂದು ನಂಬರ್. ಆ ಎರಡನೆಯ ನಂಬರೇ ವಾಚಿನ ಜಾತಕ. ಮೊದಲನೇ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರ್, ನವೆಂಬರ್, ಡಿಸೆಂಬರ್ ಮಾತ್ರ ಓ, ಎನ್, ಡಿ ಅಂತ ಅಕ್ಷರದಲ್ಲಿ ಬರುತ್ತವೆ. ಅಪ್ಪನದು 42ರಿಂದ ಶುರು. ಅಂದರೆ 1974ರ ಫೆಬ್ರವರಿ.

ಈ 6139 ಸಾಮಾನ್ಯ ಮಷೀನ್ ಅಲ್ಲ. ತಾನೇ ಕೀಲಿ ತುಂಬಿಕೊಳ್ಳುವ ಕ್ರೋನೋಗ್ರಾಫ್‌ಗಳು ಜಗತ್ತಿಗೆ ಬಂದದ್ದೇ 1969ರಲ್ಲಿ. ಆ ವರ್ಷ ಬಂದ ಮೂರರಲ್ಲಿ ಇದೂ ಒಂದು. ಇನ್ನೆರಡು ಸ್ವಿಟ್ಜರ್ಲೆಂಡ್ ಕಡೆಯವು. ಇದಕ್ಕೆ ಕೈಯಿಂದ ಕೀಲಿ ಕೊಡುವ ಹಾಗೂ ಇಲ್ಲ, ಕೈಗೆ ಕಟ್ಟಿಕೊಂಡು ಓಡಾಡಿದರೇ ಓಡುವುದು. ಡ್ರಿಲ್ ಮಾಸ್ತರ್ ಕೈಗೆ ಹೇಳಿ ಮಾಡಿಸಿದ ಹಾಗಿತ್ತು.

ಹಳದಿ ಡಯಲ್‌ಗೆ ಯಾಕಿಷ್ಟು ಬೇಡಿಕೆ ಅಂದರೆ, ವಿಲಿಯಂ ಪೋಗ್ ಅನ್ನುವ ಗಗನಯಾತ್ರಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣಕ್ಕೆ ಸ್ಕೈಲ್ಯಾಬ್ 4 ಯಾನದಲ್ಲಿ ಹೋದಾಗ ಹಳದಿ ಡಯಲಿನ 6139 ಕಟ್ಟಿಕೊಂಡಿದ್ದರು. 84 ದಿನ ಮೇಲಿದ್ದು ಅವರು ವಾಪಸ್ ಬಂದದ್ದು 1974ರ ಫೆಬ್ರವರಿಯಲ್ಲಿ. ಅಪ್ಪನ ವಾಚು ತಯಾರಾದ ತಿಂಗಳೇ! ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು. ಆದರೆ ಪೋಗ್ ವಾಚು ಪೋಗ್‌ದು, ಅಪ್ಪನದು ಅಪ್ಪನದು. ಅಪ್ಪನದು ನೀಲಿ.

ಮಾರುವವರು ಆ ಹಳದಿ ಡಯಲ್‌ನ ಫೋಟೋನೂ ಕಳಿಸಿದ್ದರು. ದೊಡ್ಡದು ಮಾಡಿ ನೋಡಿದೆ. ಮಿರಮಿರ ಮಿಂಚುತ್ತಿದೆ, ನಿಜ. ಆದರೆ ಅದರ ಮೇಲೆ ಇಂಗ್ಲಿಷಿನಲ್ಲಿ 'ವಾಟರ್ 70 ಮೀಟರ್ ಪ್ರೂಫ್' ಅಂತ ಇದೆ. 'ಪ್ರೂಫ್' ಅಂತ ಬರೆದದ್ದು ಶುರುವಿನ ವಾಚುಗಳ ಮೇಲೆ ಮಾತ್ರ. ಆಮೇಲೆ ಅದು 'ರೆಸಿಸ್ಟ್' ಆಯಿತು, ಮುಂದೆ ಆ ಸಾಲೇ ಹೋಯಿತು. 1974ರ ಕೇಸಿನೊಳಗೆ, ಅಂದರೆ ವಾಚಿನ ಹೊರಗಿನ ಲೋಹದ ಕವಚದೊಳಗೆ, 'ಪ್ರೂಫ್' ಡಯಲ್ ಇರುವುದು ಸಾಧ್ಯವೇ ಇಲ್ಲ. ಅಕ್ಷರಗಳೂ ದಪ್ಪ, ಅಂಚಿನಲ್ಲಿ ಬಣ್ಣ ಹರಡಿದೆ. ಅಪ್ಪನ ಡಯಲ್ ಕೆಳಗಿನ ಅಂಚಿನಲ್ಲಿ ಇರುವೆಗಿಂತ ಸಣ್ಣ ಅಕ್ಷರದ ಕೋಡ್ ಇದೆ, ಭೂತಗನ್ನಡಿಯಲ್ಲಿ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ. ಐವತ್ತು ವರ್ಷದ ಮೇಲೂ!

ಲಕ್ಕುಂಡಿಯಲ್ಲಿ ಒಂದು ಕಂಬ ಮುರಿದಿದೆ ಅಂತ ಸಿಮೆಂಟಿನದು ಮಾಡಿ, ಬಣ್ಣ ಬಳಿದು ನಿಲ್ಲಿಸಿದರೆ ನಾವು ಒಪ್ಪುತ್ತೀವಾ? ವಾಚಿಗೆ ಮಾತ್ರ ಯಾಕೆ ಒಪ್ಪಬೇಕು? ಎಚ್‌ಎಂಟಿ ಜನತಾ ವಾಚುಗಳಿಗೂ ಇದೇ ಗತಿ ಆಗಿದೆ. ಕಾರ್ಖಾನೆ ಎಂದೂ ಮಾಡದ ಬಣ್ಣ ಬಳಿದು 'ಒರಿಜಿನಲ್' ಅಂತ ಮಾರುತ್ತಾರೆ. ಕೊಂಡ ಹುಡುಗರು ಅದನ್ನೇ ನಂಬುತ್ತಾರೆ. ನನಗೆ ನಿಜವಾಗಿ ಸಿಟ್ಟು ಬರುವುದು ಇದಕ್ಕೆ.

ಹಾಗಂತ ಏನೂ ಬದಲಿಸಬಾರದು ಅನ್ನುತ್ತಿಲ್ಲ. ರಬ್ಬರ್ ವಾಷರ್, ಎಣ್ಣೆ ಹೊಸದೇ ಇರಬೇಕು. ಅವು ವಾಚಿಗೆ ಊಟ ಇದ್ದ ಹಾಗೆ. ಆದರೆ ಮುಳ್ಳು, ಡಯಲ್, ಚಕ್ರ ಹಾಕುವುದಿದ್ದರೆ ಅದೇ ಮಾಡೆಲಿನ, ಅದೇ ಕಾಲದ ವಾಚಿನಿಂದಲೇ ಬರಬೇಕು.

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರದ ಗಲ್ಲಿಯಲ್ಲಿ ವಾಚ್ ರಿಪೇರಿ ಮಾಡುವ ಒಬ್ಬ ವಯಸ್ಸಾದ ಚಾಚಾ ಇದ್ದಾರೆ. ಮುಚ್ಚಳ ಬಿಚ್ಚಿ, ಕಣ್ಣಿಗೆ ಐಗ್ಲಾಸ್ ಇಟ್ಟು ಸುಮಾರು ಹೊತ್ತು ಸುಮ್ಮನೆ ನೋಡಿದರು. "ಈ ಸೆಕೆಂಡ್ ಮುಳ್ಳ ಇದರದಲ್ರಿ" ಅಂದರು. ಸ್ಟಾಪ್‌ವಾಚಿನ ಆ ಉದ್ದ ಮುಳ್ಳಿನ ಜಾಗದಲ್ಲಿ ಯಾರೋ ಹಿಂದೆ ಬೇರೆ ವಾಚಿನದು ಕೂರಿಸಿದ್ದರು. ಸೊನ್ನೆಗೆ ತರುವಾಗ ಒಳಗೆ ಹೃದಯದ ಆಕಾರದ ಒಂದು ಬಿಲ್ಲೆಗೆ ಪುಟ್ಟ ಸುತ್ತಿಗೆ ಬಡಿಯುತ್ತದೆ. ಆ ಏಟಿಗೆ ಮುಳ್ಳು ರಪ್ಪನೆ ತಿರುಗಿ ಬರುತ್ತದೆ. ಸಡಿಲ ಇದ್ದ ಮುಳ್ಳು ಆ ಹೊಡೆತಕ್ಕೆ ಜಾರಿ, ಸೊನ್ನೆ ಬಿಟ್ಟು ಎರಡು ಗೆರೆ ಆಚೆ ನಿಲ್ಲುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಕ್ಲಚ್‌ನದು, ಅಂದರೆ ಆ ಉದ್ದ ಮುಳ್ಳನ್ನು ಓಡುವ ಮಷೀನಿಗೆ ಜೋಡಿಸುವ, ಬಿಡಿಸುವ ಭಾಗದ್ದು. ನಡುವಿನ ಚಕ್ರದೊಳಗೆ ರಿವೆಟ್ ಹೊಡೆದು ಕೂರಿಸಿದ ಕ್ಲಚ್ ಅದು. ಬಿಚ್ಚಿ ರಿಪೇರಿ ಮಾಡುವಂಥದ್ದಲ್ಲ, ಇಡೀ ಚಕ್ರವನ್ನೇ ಬದಲಿಸಬೇಕು.

"ಅವಸರ ಮಾಡಬ್ಯಾಡ್ರಿ. ಇವತ್ತಿಲ್ಲಾ ನಾಳೆ ಸಿಗತೈತಿ" ಅಂದರು ಚಾಚಾ. ಹನ್ನೊಂದು ತಿಂಗಳು ಕಾದೆವು. ಕೊನೆಗೆ ನೀರು ಹೊಕ್ಕು ಡಯಲ್ ಹಾಳಾದ, ಕೇಸು ಜಜ್ಜಿಹೋದ ಒಂದು 6139 ಸಿಕ್ಕಿತು. ಅದರ ನಂಬರ್ 3ರಿಂದ ಶುರು, 1973ರದು. ಅದರ ಚಕ್ರ ಮತ್ತು ಮುಳ್ಳು ಈಗ ಅಪ್ಪನ ವಾಚಿನಲ್ಲಿವೆ. ತೆಗೆದದ್ದನ್ನು ಎಸೆದಿಲ್ಲ. ಒಂದು ಸಣ್ಣ ಡಬ್ಬಿಯಲ್ಲಿ, ಯಾವುದು ಎಲ್ಲಿಂದ ಬಂತು ಅಂತ ಚೀಟಿ ಬರೆದು ಇಟ್ಟಿದ್ದೇನೆ. ಕೇಸಿಗೆ ಪಾಲಿಶ್ ಮಾಡಿಸಲಿಲ್ಲ. ಪಾಲಿಶ್ ಮಾಡಿದರೆ ಅಪ್ಪನ ಹೆಬ್ಬೆರಳು ಸವೆಸಿದ ಗುಂಡಿಯೂ ಹೊಳೆಯುತ್ತದೆ, ಅಲ್ವಾ?

ಮುಳ್ಳು ಕೂರಿಸಿದ ದಿನ ಚಾಚಾ ವಾಚನ್ನು ನನ್ನ ಕಿವಿ ಹತ್ತಿರ ಹಿಡಿದರು. ಸೆಕೆಂಡಿಗೆ ಆರು ಬಡಿತ. ಗುಂಡಿ ಒತ್ತಿದೆ. ಮುಳ್ಳು ಒಂದು ಸುತ್ತು ಹಾಕಿತು. ನಿಲ್ಲಿಸಿ, ಕೆಳಗಿನ ಗುಂಡಿ ಒತ್ತಿದೆ. ಸರಿಯಾಗಿ ಸೊನ್ನೆ.

ಇನ್ನೊಂದು ಕೆಲಸ ಬಾಕಿ ಇದೆ. ಕಿರೀಟ, ಅಂದರೆ ವಾಚಿನ ಪಕ್ಕದ ತಿರುಪು, ತಿರುಗಿಸಿದರೆ ಡಯಲ್ ಸುತ್ತಲಿನ ಒಳಗಿನ ರಿಂಗ್ ತಿರುಗಬೇಕು, ಅದನ್ನು ತಿರುಗಿಸುವ ಪುಟ್ಟ ಗಾಲಿಯ ಹಲ್ಲು ಸವೆದಿದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಯಾರ ಮನೆಯಲ್ಲಾದರೂ ಕೆಟ್ಟು ನಿಂತ ಹಳೇ 6139 ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮುಚ್ಚಳದ ಆ ಆರು ಅಂಕಿಯ ನಂಬರ್ 3, 4 ಅಥವಾ 5ರಿಂದ ಶುರುವಾಗುತ್ತಿದ್ದರೆ ನನಗೊಂದು ಮೆಸೇಜ್ ಹಾಕಿ. ನಾನೇ ಬಂದು ನೋಡುತ್ತೇನೆ.