ಸ್ಪಷ್ಟನೆ: ಆಂಟಿಬಯಾಟಿಕ್‌ಗೆ ಒಗ್ಗುವುದು ನಮ್ಮ ದೇಹವಲ್ಲ

"ಆಂಟಿಬಯಾಟಿಕ್ ಪದೇ ಪದೇ ತಗೊಂಡರೆ ದೇಹ ಅದಕ್ಕೆ ಒಗ್ಗಿಹೋಗುತ್ತೆ, ಆಮೇಲೆ ಮಾತ್ರೆ ನಾಟಲ್ಲ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಔಷಧಿಯನ್ನು ತಡೆದುಕೊಳ್ಳುವುದು ದೇಹವಲ್ಲ, ಬ್ಯಾಕ್ಟೀರಿಯಾ. ಹಾಗಾಗಿ ಒಂದೂ ಆಂಟಿಬಯಾಟಿಕ್ ನುಂಗದವರಿಗೂ ಮಾತ್ರೆಗೆ ಬಗ್ಗದ ಸೋಂಕು ತಗಲಬಹುದು.

ಬ್ಯಾಕ್ಟೀರಿಯಾಗಳ ಹಲವು ಉಪಾಯಗಳಲ್ಲಿ ಔಷಧಿಯನ್ನು ಹೊರಗೆ ತಳ್ಳುವ ಪಂಪು ಒಂದು. ನಮ್ಮ ಕರುಳಲ್ಲೇ ಇರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ನೋಡಿ. ಅದಕ್ಕೆ ಎರಡು ಪೊರೆ. ಎರಡನ್ನೂ ದಾಟಿ ನಿಂತ ಪಂಪಿನ ಹೆಸರು ಎಸಿಆರ್‌ಎಬಿ-ಟಾಲ್‌ಸಿ. ಈ ಪಂಪಿನ ಭಾಗವಾಗಿ ಒಳಪೊರೆಯಲ್ಲಿ ಕೂತ ಎಸಿಆರ್‌ಬಿ ಪ್ರೋಟೀನಿಗೆ ಒಂದೇ ಥರದ ಮೂರು ಭಾಗ. ಒಂದು ಔಷಧಿಯನ್ನು ಒಳಗೆ ಬಿಟ್ಟುಕೊಳ್ಳುವಾಗ ಇನ್ನೊಂದು ಬಿಗಿಯಾಗಿ ಹಿಡಿದಿರುತ್ತದೆ, ಮತ್ತೊಂದು ಹೊರಗೆ ತಳ್ಳುತ್ತಿರುತ್ತದೆ. ಆಮೇಲೆ ಸರದಿ ಬದಲು. ಹೊರಗಿನಿಂದ ಒಳಗೆ ಹರಿಯುವ ಪ್ರೋಟಾನು ಎಂಬ ಧನವಿದ್ಯುತ್ ಕಣಗಳೇ ಇದಕ್ಕೆ ಶಕ್ತಿ. ಕೊಬ್ಬು ಜೀರ್ಣಿಸಲು ಕರುಳಿಗೆ ಬರುವ ಪಿತ್ತಲವಣವನ್ನೂ ಇದೇ ಪಂಪು ಆಚೆ ಹಾಕುತ್ತದೆ.

ಬೇರೊಂದು ಪಂಪು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಅನ್ನು ಹೊರದಬ್ಬುವುದನ್ನು ಅಮೆರಿಕದ ವಿಜ್ಞಾನಿ ಸ್ಟುವರ್ಟ್ ಲೆವಿ ತಂಡ 1980ರಲ್ಲೇ ತೋರಿಸಿತ್ತು.

ವೈರಸ್‌ನಿಂದ ಬಂದ ನೆಗಡಿಗೆ ಆಂಟಿಬಯಾಟಿಕ್ ನುಂಗಿದರೆ ನೆಗಡಿಗೆ ಏನೂ ಆಗುವುದಿಲ್ಲ. ಆದರೆ ಪಂಪು ಚುರುಕಾಗಿರುವಂಥ ಬ್ಯಾಕ್ಟೀರಿಯಾಗಳು ಉಳಿದು ಬೆಳೆಯುತ್ತವೆ, ಮನೆಯವರಿಗೂ ಹರಡುತ್ತವೆ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ.