ಇಷ್ಟೇನಾ ಭಾವ?

ಘಟ್ಟದ ಮೇಲಿನಿಂದ ನೆಂಟರು ಬಂದರೆ ಕಾಸರಗೋಡಿನವರಿಗೆ ಮರುದಿನದ ಕೆಲಸ ಕಟ್ಟಿಟ್ಟದ್ದು: ಮಂಗಳೂರು ತೋರಿಸುವುದು. '50 ಕಿಲೋಮೀಟರ್ ತಾನೇ ಭಾವ, ಅರ್ಧ ದಿನ ಸಾಕು' ಎಂದು ಅವರೇ ತೀರ್ಮಾನಿಸಿ ಆಗಿರುತ್ತದೆ. ಹೆದ್ದಾರಿಯ ಧೂಳು, ತಲಪಾಡಿಯ ಟೋಲು ಇವೆಲ್ಲ ನಮ್ಮ ಲೆಕ್ಕಕ್ಕೆ.

ರೈಲಾದರೆ ಒಳ್ಳೆಯದು, ಆದರೆ ಮಂಗಳೂರು ಸೆಂಟ್ರಲ್ ಸ್ಟೇಷನಿಗೆ ಹೋಗುವ ರೈಲೇ ಆಗಬೇಕು. ಕೇರಳದಿಂದ ಕೊಂಕಣದ ಕಡೆಗೆ ಓಡುವ ದೂರದ ಬಂಡಿಗಳು ಸೆಂಟ್ರಲಿಗೆ ತಲೆ ಹಾಕುವುದಿಲ್ಲ, ಪೇಟೆಯಿಂದ ದೂರ ಪಡೀಲಿನಲ್ಲಿರುವ ಜಂಕ್ಷನಿನಲ್ಲಿ ನಿಂತು ಹಾಗೇ ಹೋಗುತ್ತವೆ. ಖಾಲಿ ಸೀಟು ಕಂಡಿತೆಂದು ಅದಕ್ಕೆ ಹತ್ತಿದರೋ, ಉಳಿಸಿದ ಹಣವೆಲ್ಲ ಪಡೀಲಿನಿಂದ ಪೇಟೆಗೆ ಆಟೋದ ಪಾಲು. ಸೆಂಟ್ರಲಿನಿಂದ ಪೇಟೆಯ ನಡುವಿನ ಹಂಪನಕಟ್ಟೆಗೆ ಕಾಲೇ ಸಾಕು.

ದೇವಸ್ಥಾನಗಳನ್ನು ಬೆಳಿಗ್ಗೆಯೇ ಮುಗಿಸಬೇಕು. ಮಧ್ಯಾಹ್ನದ ಪೂಜೆ ಆದ ಮೇಲೆ ಸಂಜೆಯವರೆಗೆ ಬಾಗಿಲು. ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಉಂಟು, ಪೀಠದ ಶಾಸನ 968ರದ್ದು. ಆಮೇಲೆ ಅಲೋಶಿಯಸ್ ಚಾಪೆಲ್. ಇಟಲಿಯ ಆಂಟೋನಿಯೊ ಮೊಸ್ಕೆನಿ ಬಂದು ಗೋಡೆ, ಮಾಡು (ಛಾವಣಿ) ಬಿಡದೆ ಬರೆದ ಚಿತ್ರಗಳು. ಹೆಚ್ಚಿನವು ಹಸಿ ಗಾರೆಯ ಮೇಲೆ ಬರೆಯುವ ಕೆಲಸ. ಗಾರೆ ಒಣಗುವ ಮೊದಲು ಬಣ್ಣ ಹಿಡಿಯಬೇಕು, ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಗಾರೆ ಬಳಿಯಬೇಕು. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಅಷ್ಟು ತಿಳಿದದ್ದೇ ತಡ, ನೆಂಟರಿಗೆ ಹಸಿವಾಗುತ್ತದೆ.

ನಿಜವಾದ ಪರೀಕ್ಷೆ ಇರುವುದು ಬೋಳೂರಿನ ಸುಲ್ತಾನ್ ಬತ್ತೇರಿಯಲ್ಲಿ. ಪ್ರತಿ ಕುಟುಂಬದಲ್ಲೂ ಇಂಥ ಒಬ್ಬ ಭಾವ ಇರುತ್ತಾನೆ. ಮೆಟ್ಟಿಲು ಹತ್ತುತ್ತಾನೆ. ತಂಪು ಕನ್ನಡಕವನ್ನು ಹಣೆಗೇರಿಸುತ್ತಾನೆ. ಸೊಂಟಕ್ಕೆ ಕೈಯಿಟ್ಟು ಒಂದು ಸುತ್ತು ತಿರುಗುತ್ತಾನೆ. ಗೋಡೆಯ ಕಂಡಿಯಲ್ಲಿ ಒಂದು ಕಣ್ಣಿಟ್ಟು ಹೊಳೆ ನೋಡುತ್ತಾನೆ, ಇನ್ನೇನೋ ಕೋಟೆ ಆಚೆ ಬದಿಯಲ್ಲಿ ಅಡಗಿದೆಯೋ ಎಂಬಂತೆ. ಆಮೇಲೆ ನಿಧಾನಕ್ಕೆ ನಮ್ಮತ್ತ ತಿರುಗಿ, 'ಇಷ್ಟೇನಾ?'

ಇಷ್ಟೇ ಮಾರಾಯ್ರೆ! 1784ರಲ್ಲಿ ಟಿಪ್ಪು ಇದನ್ನು ಕಟ್ಟಿಸಿದ್ದು ನೆಂಟರಿಗೆ ತೋರಿಸಲಿಕ್ಕಲ್ಲ, ಗುರುಪುರ ಹೊಳೆಗೆ ಶತ್ರುಗಳ ಹಡಗು ನುಗ್ಗದ ಹಾಗೆ ಕಾಯಲಿಕ್ಕೆ. ಕಂಡಿಗಳು ತೋಪಿನ ಮೂತಿಗೆ, ಕೆಳಗಿನ ಕೋಣೆ ಮದ್ದಿನ ಪುಡಿಗೆ. ಕಾವಲು ಬುರುಜು ಅಂದರೆ ಇಷ್ಟೇ ಇರುವುದು. ಇದನ್ನೆಲ್ಲ ಬೆವರು ಒರೆಸಿಕೊಂಡು ವಿವರಿಸಿ ಮುಗಿಸುವಾಗ ಅವನು ಕೇಳುವುದು: 'ಹತ್ತಿರದಲ್ಲಿ ಮಾಲ್ ಯಾವುದಿದೆ?' ತಣ್ಣೀರುಬಾವಿಗೆ ದಾಟುವ ದೋಣಿ ಪಕ್ಕದಲ್ಲೇ ಉಂಟು. ಇವನನ್ನು ಹತ್ತಿಸಿ ತಾನು ಈಚೆ ದಡದಲ್ಲೇ ಉಳಿದರೆ ಹೇಗೆ ಎಂದು ಯಾರಿಗಾದರೂ ಅನಿಸೀತು.

ಬಂದರಿಗೆ ಕರೆದುಕೊಂಡು ಹೋದರೆ ಒಣಮೀನಿನ ವಾಸನೆಗೆ ಮೂಗಿಗೆ ಕರವಸ್ತ್ರ. ದೊಡ್ಡ ಹಡಗುಗಳೆಲ್ಲ ಪಣಂಬೂರಿಗೆ ಹೋಗಿ ಆಯಿತು. ಹಳೇ ದಕ್ಕೆಯಲ್ಲಿ ಈಗ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಹೇರುವ ಮಂಜಿಗಳು (ಸಣ್ಣ ಸರಕು ಹಡಗುಗಳು), ಅವಕ್ಕೂ ಮಳೆಗಾಲದಲ್ಲಿ ರಜೆ. ಗಲ್ಲಿಯ ಗೋದಾಮುಗಳ ಮೇಲೆ ಕೆಂಪು ಹಂಚು. ಬಾಸೆಲ್ ಮಿಶನ್ 1865ರಲ್ಲಿ ಇದೇ ಊರಲ್ಲಿ ಶುರು ಮಾಡಿದ ಹಂಚಿನ ಕೆಲಸ ಕರಾವಳಿಯ ಅರ್ಧ ಮನೆಗಳಿಗೆ ಮಾಡಾಯಿತು, ಕಾಸರಗೋಡಿನ ಅಜ್ಜನ ಮನೆಗಳಿಗೂ. 1956ರ ನವೆಂಬರ್ 1ರವರೆಗೆ ಎರಡೂ ಒಂದೇ ಜಿಲ್ಲೆ. ಮಾಡಿನ ಹಂಚಿಗೆ ಗಡಿ ಗೊತ್ತಾಗಲಿಲ್ಲ. ಆ ಗಲ್ಲಿಯಲ್ಲಿ ನಿಂತರೆ ನಮಗೆ ಸ್ವಲ್ಪ ಹೊತ್ತು ಮಾತು ಬರುವುದಿಲ್ಲ. ಭಾವನಿಗೆ ಬರುತ್ತದೆ, ಐಸ್‌ಕ್ರೀಂ ಅಂಗಡಿಯ ದಾರಿ ಕೇಳಲಿಕ್ಕೆ.

ಗಾತ್ರವೇ ಬೇಕೆನ್ನುವವರಿಗೆ ಮದ್ದು ನಮ್ಮ ಜಿಲ್ಲೆಯಲ್ಲೇ ಉಂಟು: ಕೆಳದಿಯ ಶಿವಪ್ಪ ನಾಯಕನ ಬೇಕಲ ಕೋಟೆ, ಸುಮಾರು 40 ಎಕರೆ, ನೆರಳು ಕಡಿಮೆ. ಏಪ್ರಿಲ್ ತಿಂಗಳು, ಮಧ್ಯಾಹ್ನ 12 ಗಂಟೆ. ಟಿಕೆಟು ನೀವೇ ತೆಗೆದುಕೊಡಿ. ನೀರಿನ ಬಾಟಲಿ ಕಾರಿನಲ್ಲೇ ಇರಲಿ.